ಎಕ್ಸ್‌ಪೆರಿಮೆಂಟಲ್ ಮೆಡಿಸಿನ್, ಕ್ಲಿನಿಕಲ್ ರಿಸರ್ಚ್, ಆನ್‌ಲೈನ್ ಡಿಪ್ಲೊಮಾ: ಮೂರನ್ನೂ ಮಾಡಿ ನೋಡಿದ ಮೇಲೆ

ಪಿಜಿಗೆ ಎಕ್ಸ್‌ಪೆರಿಮೆಂಟಲ್ ಮೆಡಿಸಿನ್ ತಗೊಳ್ಳೋದಾ ಕ್ಲಿನಿಕಲ್ ರಿಸರ್ಚ್ ತಗೊಳ್ಳೋದಾ ಅಂತ ಯಾರಾದ್ರೂ ಕೇಳಿದ್ರೆ "ಎರಡೂ ಹೆಚ್ಚುಕಮ್ಮಿ ಒಂದೇ, ಎಲ್ಲಿ ಸೀಟ್ ಸಿಗುತ್ತೋ ಅಲ್ಲಿ ಸೇರ್ಕೊಳ್ಳಿ" ಅನ್ನೋರೇ ಜಾಸ್ತಿ. ಈ ಮಾತು ನಂಬಬೇಡಿ. ಕೆಲವು ಕಡೆ ಎರಡನ್ನೂ ಒಂದೇ ಡಿಗ್ರಿ ಹೆಸರಲ್ಲಿ ಸೇರಿಸಿರ್ತಾರೆ ನಿಜ, ಆದ್ರೆ ದಿನಾ ಮಾಡೋ ಕೆಲಸ ಬೇರೆ, ಕೊನೆಗೆ ಕೈಗೆ ಹತ್ತೋ ವಿದ್ಯೆನೂ ಬೇರೆ. ನಾನು ಮೊದಲು ಕೆಲಸದ ಜೊತೆಗೇ ಕ್ಲಿನಿಕಲ್ ರಿಸರ್ಚ್‌ನ ಆನ್‌ಲೈನ್ ಡಿಪ್ಲೊಮಾ ಮಾಡಿದೆ, ಆಮೇಲೆ ಮಾಸ್ಟರ್ಸ್‌ಗೆ ಸೇರಿದಾಗ ಅದರಲ್ಲಿ ಒಂದು ಭಾಗ ಇಮ್ಯುನಾಲಜಿ ಲ್ಯಾಬ್‌ನಲ್ಲಿ, ಇನ್ನೊಂದು ಭಾಗ ಟ್ರಯಲ್, ಅಂದ್ರೆ ಔಷಧವನ್ನ ಜನರಿಗೆ ಕೊಟ್ಟು ಪರೀಕ್ಷಿಸೋದನ್ನ, ನಡೆಸೋ ಯುನಿಟ್‌ನಲ್ಲಿ ಕಳೀತು. ಅಲ್ಲಿ ಕಂಡಿದ್ದನ್ನ ಪಕ್ಕಪಕ್ಕ ಇಟ್ಟು ಹೇಳ್ತೀನಿ.

ಮೊದಲು ಪ್ರಶ್ನೆಯಲ್ಲೇ ಇರೋ ವ್ಯತ್ಯಾಸ. ಎಕ್ಸ್‌ಪೆರಿಮೆಂಟಲ್ ಮೆಡಿಸಿನ್‌ನೋರು ಕೇಳೋದು ದೇಹದ ಒಳಗೆ ಏನು ನಡೀತಿದೆ, ಈ ಔಷಧ ಯಾವ ದಾರಿಯಲ್ಲಿ ಕೆಲಸ ಮಾಡುತ್ತೆ ಅಂತ, ಅದಕ್ಕೆ ಜನ ಕಮ್ಮಿ ಸಾಕು ಆದ್ರೆ ಒಬ್ಬೊಬ್ಬರಲ್ಲೂ ಅಳೆಯೋದು ತುಂಬ ಇರುತ್ತೆ. ಕ್ಲಿನಿಕಲ್ ರಿಸರ್ಚ್‌ನೋರು ಕೇಳೋದು ಇದನ್ನ ಕೊಟ್ರೆ ರೋಗಿ ಬದುಕ್ತಾನಾ, ಬೇಗ ಹುಷಾರಾಗ್ತಾನಾ ಅಂತ, ಅದಕ್ಕೆ ಜನ ಜಾಸ್ತಿ ಬೇಕು, ಅಳೆಯೋದು ಕಮ್ಮಿ ಇದ್ರೂ ನಡಿಯುತ್ತೆ. ಮೊದಲನೆಯದಕ್ಕೆ ಉತ್ತರ ಸಿಕ್ಕ ತಕ್ಷಣ ಎರಡನೆಯದಕ್ಕೂ ಸಿಕ್ಕಿತು ಅಂತ ಅಲ್ಲ. ಟಾರ್ಸೆಟ್ರಾಪಿಬ್ ಅನ್ನೋ ಔಷಧ ಒಳ್ಳೆ ಕೊಲೆಸ್ಟ್ರಾಲ್ ಅಂತ ಕರೆಯೋ ಎಚ್‌ಡಿಎಲ್ ಅನ್ನ ಚೆನ್ನಾಗೇ ಏರಿಸ್ತಿತ್ತು, ಯಾವ ದಾರಿಯಲ್ಲಿ ಏರಿಸುತ್ತೆ ಅನ್ನೋದೂ ಗೊತ್ತಿತ್ತು, ಆದ್ರೆ ಸುಮಾರು 15,000 ಜನರ ಟ್ರಯಲ್‌ನಲ್ಲಿ ಔಷಧ ತಗೊಂಡ ಗುಂಪಿನಲ್ಲೇ ಸಾವು ಜಾಸ್ತಿ ಆಗಿ 2006ರ ಡಿಸೆಂಬರ್‌ನಲ್ಲಿ ಅದನ್ನ ನಿಲ್ಲಿಸಿದ್ರು. ನಮ್ಮ ಲ್ಯಾಬ್‌ನಲ್ಲಿ ಯಾರಾದ್ರೂ ಒಂದು ಬಯೋಮಾರ್ಕರ್ (ರೋಗದ ಸ್ಥಿತಿ ತೋರಿಸೋ, ದೇಹದಲ್ಲಿ ಅಳೆಯಬಹುದಾದ ಗುರುತು) ಹಿಡ್ಕೊಂಡು ತುಂಬಾ ಖುಷಿಯಲ್ಲಿದ್ರೆ ಹಿರಿಯರು ಈ ಉದಾಹರಣೆ ತೆಗೀತಿದ್ರು.

ಈಗ ಲ್ಯಾಬ್ ಹೇಗಿರುತ್ತೆ ಅಂತ. ನನ್ನ ಪ್ರಾಜೆಕ್ಟ್‌ಗೆ ರಕ್ತದಿಂದ ಪಿಬಿಎಂಸಿ ಅನ್ನೋ ಒಂದು ಗುಂಪಿನ ಬಿಳಿ ಕಣಗಳನ್ನ ಬೇರ್ಪಡಿಸಬೇಕಿತ್ತು. ಟ್ಯೂಬ್ ತಳದಲ್ಲಿ ಫೈಕಾಲ್ ಅನ್ನೋ ದ್ರಾವಣ ಹಾಕಿ, ಅದರ ಸಾಂದ್ರತೆ ಮಿಲಿಲೀಟರ್‌ಗೆ 1.077 ಗ್ರಾಂ, ಅದರ ಮೇಲೆ ಸಲೈನ್ ಬೆರೆಸಿದ ರಕ್ತವನ್ನ ಗೋಡೆಗೆ ತಾಗಿಸ್ಕೊಂಡು ನಿಧಾನಕ್ಕೆ ಬಿಡಬೇಕು, ಎರಡೂ ಕಲಸಿಹೋಗಬಾರದು, ಆಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ಬ್ರೇಕ್ ಆಫ್ ಮಾಡಿ ತಿರುಗಿಸಬೇಕು. ಬ್ರೇಕ್ ಆನ್ ಇದ್ರೆ ನಿಲ್ಲೋವಾಗ ಆಗೋ ಜರ್ಕ್‌ಗೆ ಪದರಗಳು ಕದಡ್ತವೆ. ಸರಿಯಾಗಿ ಬಂದ್ರೆ ಮೇಲೆ ಹಳದಿ ಪ್ಲಾಸ್ಮಾ, ತಳದಲ್ಲಿ ಕೆಂಪು ಕಣ, ಮಧ್ಯೆ ಮೋಡದ ಹಾಗೆ ಒಂದು ಬಿಳಿ ಉಂಗುರ ಕಾಣುತ್ತೆ, ಪಿಪೆಟ್‌ನಲ್ಲಿ ಎತ್ತೋದು ಅದನ್ನ ಮಾತ್ರ. ರಕ್ತ ಕೈಗೆ ಬಂದ ಮೇಲೆ ನಾಳೆ ನೋಡೋಣ ಅನ್ನೋ ಹಾಗಿಲ್ಲ, ಹೊತ್ತು ಕಳೆದಷ್ಟೂ ಕಣಗಳ ಗುಣ ಕೆಡುತ್ತೆ, ರೋಗಿ ಸಂಜೆ ರಕ್ತ ಕೊಟ್ರೆ ನಿಮ್ಮ ಕೆಲಸ ಶುರುವಾಗೋದೂ ಸಂಜೆನೇ.

ಇದರಿಂದ ಸಿಕ್ಕ ಲಾಭ ದೊಡ್ಡದು. ಒಂದು ಪೇಪರ್‌ನಲ್ಲಿ ಫ್ಲೋ ಸೈಟೋಮೆಟ್ರಿ (ಕಣಗಳನ್ನ ಲೇಸರ್‌ನಿಂದ ಒಂದೊಂದಾಗಿ ಅಳೆಯೋ ವಿಧಾನ) ಚಿತ್ರ ನೋಡಿದ್ರೆ ಗೇಟ್, ಅಂದ್ರೆ ಯಾವ ಕಣ ಲೆಕ್ಕಕ್ಕೆ ಅಂತ ಹಾಕೋ ಗಡಿ, ಎಲ್ಲಿ ಹಾಕಿದ್ದಾರೆ, ಸತ್ತ ಕಣಗಳನ್ನ ತೆಗೆದಿದ್ದಾರಾ, ಕಂಟ್ರೋಲ್ ಇದೆಯಾ ಅಂತ ಕಣ್ಣು ತಾನಾಗೇ ಹುಡುಕುತ್ತೆ, ಈ ಅನುಮಾನ ಪಡೋ ಗುಣ ಪಾಠ ಕೇಳಿ ಬರಲ್ಲ, ಕೈಯಾರೆ ಮಾಡಿದ್ರೇ ಬರೋದು. ಕಷ್ಟ ಏನಂದ್ರೆ ಎಲ್ಲಾ ಗೈಡ್ ಮೇಲೆ ನಿಂತಿರುತ್ತೆ. ಗೈಡ್ ವಾರಕ್ಕೊಂದ್ಸಲ ಕೂತು ಡೇಟಾ ನೋಡೋರಾದ್ರೆ ಲ್ಯಾಬ್ ಮಾಸ್ಟರ್ಸ್‌ಗಿಂತ ಒಳ್ಳೇದಿಲ್ಲ, ಕೈಗೇ ಸಿಗದೋರಾದ್ರೆ ಕಣಗಳನ್ನ ಗುರುತಿಸೋಕೆ ಬಳಸೋ ಒಂದು ಆಂಟಿಬಾಡಿ ಕೆಲಸ ಮಾಡ್ತಿಲ್ಲ ಅಂತ ಗೊತ್ತಾಗೋ ಹೊತ್ತಿಗೆ ಟರ್ಮೇ ಮುಗಿದುಹೋಗಿರುತ್ತೆ, ನನ್ನ ಜೊತೆ ಓದ್ತಿದ್ದ ಒಬ್ಬರಿಗೆ ಇದೇ ಆಯ್ತು, ತುಂಬಾ ಬೇಜಾರಾಗಿತ್ತು ನನಗೆ.

ಟ್ರಯಲ್ ಯುನಿಟ್‌ನಲ್ಲಿ ಪಿಪೆಟ್ ಇಲ್ಲ, ಕಾಗದ ಇದೆ, ಮತ್ತೆ ಜನ ಇದ್ದಾರೆ. ಪ್ರೋಟೋಕಾಲ್, ಕನ್ಸೆಂಟ್ ಫಾರ್ಮ್, ಎಥಿಕ್ಸ್ ಕಮಿಟಿಗೆ ಅರ್ಜಿ, ಒಬ್ಬೊಬ್ಬ ರೋಗಿಯ ಮಾಹಿತಿ ತುಂಬೋ ಕೇಸ್ ರಿಪೋರ್ಟ್ ಫಾರ್ಮ್, ಹೊರಗಿನಿಂದ ನೋಡೋರಿಗೆ ಇದೆಲ್ಲಾ ಬರೀ ಗುಮಾಸ್ತಿಕೆ ಅನ್ಸುತ್ತೆ, ಒಳಗೆ ಹೋದ್ರೆ ಒಂದೊಂದಕ್ಕೂ ಕಾರಣ ಇದೆ ಅಂತ ಗೊತ್ತಾಗುತ್ತೆ. ಫಾರ್ಮ್‌ನಲ್ಲಿ ಒಂದು ಅಂಕಿ ತಪ್ಪಾದ್ರೆ ವೈಟ್ನರ್ ಹಚ್ಚೋ ಹಾಗಿಲ್ಲ, ಒಂದೇ ಗೆರೆ ಎಳೆದು, ಹಳೇದು ಓದೋಕೆ ಬರೋ ಹಾಗೆ ಬಿಟ್ಟು, ಪಕ್ಕದಲ್ಲಿ ಸರಿಯಾದ್ದು ಬರೆದು, ಇನಿಷಿಯಲ್ ಮತ್ತು ತಾರೀಕು ಹಾಕ್ಬೇಕು. ಯಾರು ಯಾವಾಗ ಏನು ಬದಲಾಯಿಸಿದ್ರು ಅಂತ ವರ್ಷಗಳ ಮೇಲೆ ಬಂದು ನೋಡೋರಿಗೂ ತಿಳೀಬೇಕಲ್ಲ.

ನನಗೆ ಅಲ್ಲಿ ತಲೆ ತೆರೆದಿದ್ದು ಸ್ಯಾಂಪಲ್ ಸೈಜ್ ಲೆಕ್ಕದಿಂದ. ಸಾವಿನ ಪ್ರಮಾಣ 20%ನಿಂದ 10%ಗೆ ಇಳಿಯುತ್ತೆ ಅಂತ ಅಂದ್ಕೊಂಡ್ರೆ, ಮಾಮೂಲಿ 80% ಪವರ್ (ವ್ಯತ್ಯಾಸ ನಿಜವಾಗಿ ಇದ್ರೆ ಅದನ್ನ ಹಿಡಿಯೋ ಸಾಧ್ಯತೆ) ಮತ್ತು 5% ಸಿಗ್ನಿಫಿಕೆನ್ಸ್ (ಇಲ್ಲದ ವ್ಯತ್ಯಾಸವನ್ನ ಇದೆ ಅಂದುಬಿಡೋ ಸಾಧ್ಯತೆ) ಇಟ್ಕೊಂಡು, ಒಂದೊಂದು ಗುಂಪಿಗೆ ಸುಮಾರು 200 ಜನ ಸಾಕು. ಅದೇ 20%ನಿಂದ 15%ಗೆ ಮಾತ್ರ ಇಳಿಯುತ್ತೆ ಅಂದ್ರೆ ಸುಮಾರು 900 ಜನ ಬೇಕು. ವ್ಯತ್ಯಾಸ ಅರ್ಧ ಆಗಿದ್ದಕ್ಕೆ ಜನ ನಾಲ್ಕು ಪಟ್ಟಿಗಿಂತ ಜಾಸ್ತಿ! ನಿಜವಾದ ಔಷಧಗಳ ಪ್ರಯೋಜನ ಬಹಳ ಸಲ ಚಿಕ್ಕದೇ ಇರುತ್ತೆ, ಹಾಗಾಗಿ ಚಿಕ್ಕ ಟ್ರಯಲ್ ಮಾಡಿ "ಉಪಯೋಗ ಕಾಣಲಿಲ್ಲ" ಅಂತ ಬರೆಯೋದು ಎಷ್ಟು ಅನ್ಯಾಯ ಅಂತ ಆವಾಗ ಅರ್ಥ ಆಯ್ತು. 2020ರಲ್ಲಿ ಕೋವಿಡ್ ಚಿಕಿತ್ಸೆಗಳನ್ನ ಪರೀಕ್ಷಿಸಿದ ರಿಕವರಿ ಟ್ರಯಲ್ ಇದಕ್ಕೆ ಒಳ್ಳೆ ಪಾಠ, ಫಾರ್ಮ್ ಚಿಕ್ಕದಾಗಿಟ್ಟು, ಬಿಡುವೇ ಇಲ್ಲದ ಆಸ್ಪತ್ರೆಗಳಲ್ಲೂ ಸಾವಿರಾರು ರೋಗಿಗಳನ್ನ ಸೇರಿಸ್ಕೊಂಡು, ಮಾರ್ಚ್‌ನಲ್ಲಿ ಶುರು ಮಾಡಿದ್ದಕ್ಕೆ ಜೂನ್‌ನಲ್ಲೇ ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಔಷಧದ ಫಲಿತಾಂಶ ಬಂತು, ವೆಂಟಿಲೇಟರ್ ಮೇಲಿದ್ದೋರಲ್ಲಿ ಸಾವು ಸುಮಾರು ಮೂರನೇ ಒಂದು ಭಾಗ ಕಮ್ಮಿ ಆಗಿತ್ತು.

ಈ ಕಡೆಯ ಕೊರತೆ ಅಂದ್ರೆ ವಿದ್ಯಾರ್ಥಿಗೆ ಒಂದು ಟ್ರಯಲ್ ಶುರುವಿಂದ ಕೊನೆವರೆಗೆ ನೋಡೋಕೆ ಆಗಲ್ಲ. ಟ್ರಯಲ್‌ಗಳು ವರ್ಷಗಟ್ಟಲೆ ನಡೀತವೆ, ನಿಮಗೆ ಸಿಗೋದು ಮಧ್ಯದ ಒಂದು ತುಂಡು, ಥೀಸಿಸ್‌ಗೆ ಕೊನೆಗೆ ಹಳೇ ಡೇಟಾ ಮೇಲೆ ಅನಾಲಿಸಿಸ್ ಅಥವಾ ಸಿಸ್ಟಮ್ಯಾಟಿಕ್ ರಿವ್ಯೂ (ಪ್ರಕಟವಾದ ಅಧ್ಯಯನಗಳನ್ನ ಕ್ರಮವಾಗಿ ಕಲೆಹಾಕಿ ನೋಡೋದು) ಆಗುತ್ತೆ. ಅದು ಕೆಟ್ಟದ್ದಲ್ಲ, ಸೇರೋ ಮುಂಚೆ ಗೊತ್ತಿರಲಿ ಅಷ್ಟೇ.

ಆನ್‌ಲೈನ್ ಡಿಪ್ಲೊಮಾ ಬಗ್ಗೆ ಜಾಸ್ತಿ ಹೇಳೋದಿಲ್ಲ. ಟ್ರಯಲ್ ಸರಿಯಾಗಿ ನಡೆಸೋಕೆ ಇರೋ ಜಿಸಿಪಿ ನಿಯಮ, ಮನುಷ್ಯರ ಮೇಲಿನ ಸಂಶೋಧನೆಯ ನೀತಿ ಹೇಳೋ 1964ರ ಹೆಲ್ಸಿಂಕಿ ಘೋಷಣೆ, ಟ್ರಯಲ್‌ನ ಹಂತಗಳಾದ ಫೇಸ್ 1ರಿಂದ 4ರವರೆಗೆ ಏನೇನು, ಪೇಪರ್ ಓದೋ ಕ್ರಮ, ಇದನ್ನೆಲ್ಲಾ ಕೆಲಸ ಬಿಡದೇ ಕಲಿಯೋಕೆ ಚೆನ್ನಾಗಿದೆ. ಈಗಾಗಲೇ ಆಸ್ಪತ್ರೆಯಲ್ಲಿರೋ ನರ್ಸ್, ಫಾರ್ಮಸಿಸ್ಟ್, ಡಾಕ್ಟರ್‌ಗೆ ಇದು ಸಾಕಾಗಲೂಬಹುದು, ಯಾಕಂದ್ರೆ ರೋಗಿ ಹತ್ರ ಹೇಗೆ ಮಾತಾಡ್ಬೇಕು ಅಂತ ಅವರಿಗೆ ಹೊಸದಾಗಿ ಹೇಳಿಕೊಡೋದು ಏನಿಲ್ಲ. ಡಿಗ್ರಿ ಮುಗಿಸಿ ನೇರ ಬರೋರಿಗೆ ಇದೊಂದೇ ಸಾಲದು, ರೆಸ್ಯೂಮೆಯಲ್ಲಿ ಒಂದು ಸಾಲು ಸೇರುತ್ತೆ, ಕೈಗೆ ಕೆಲಸ ಬರಲ್ಲ.

ಎರಡೂ ಕಡೆ ಓಡಾಡಿದ್ದರಿಂದ ಟಿಜಿಎನ್1412 ಅನ್ನೋ ಆಂಟಿಬಾಡಿ ಔಷಧದ ಘಟನೆ ನನಗೆ ಎರಡು ಸಲ ಪಾಠಕ್ಕೆ ಬಂತು, ಎರಡು ಸಲವೂ ಬೇರೆ ಬೇರೆ ಥರ. 2006ರ ಮಾರ್ಚ್‌ನಲ್ಲಿ ಲಂಡನ್‌ನಲ್ಲಿ 6 ಜನ ಆರೋಗ್ಯವಂತ ವಾಲಂಟಿಯರ್‌ಗಳಿಗೆ ಈ ಆಂಟಿಬಾಡಿ ಕೊಟ್ಟ ಸ್ವಲ್ಪ ಹೊತ್ತಿಗೇ ಆರೂ ಜನಕ್ಕೆ ಸೈಟೋಕೈನ್ ಸ್ಟಾರ್ಮ್ (ದೇಹದ ರೋಗನಿರೋಧಕ ವ್ಯವಸ್ಥೆ ಹತೋಟಿ ತಪ್ಪಿ ಕೆರಳೋದು) ಆಗಿ ಐಸಿಯು ಸೇರಿದ್ರು, ಜೀವ ಉಳೀತು. ಲ್ಯಾಬ್‌ನಲ್ಲಿ ಚರ್ಚೆ ಆಗಿದ್ದು ಮುಂಚೆ ಪರೀಕ್ಷೆ ಮಾಡಿದ ಮಂಗಗಳಲ್ಲಿ ಯಾಕೆ ಇದು ಕಾಣಲಿಲ್ಲ ಅನ್ನೋದು: ಔಷಧ ಹಿಡಿಯೋ ಸಿಡಿ28 ಅನ್ನೋ ಪ್ರೋಟೀನ್ ಪರೀಕ್ಷೆಗೆ ಬಳಸಿದ ಜಾತಿಯ ಮಂಗಗಳ ಎಫೆಕ್ಟರ್ ಮೆಮೊರಿ ಟಿ ಕಣಗಳಲ್ಲಿ (ಒಂದು ಬಗೆಯ ಬಿಳಿ ರಕ್ತಕಣ) ಇರಲ್ಲ, ಮನುಷ್ಯರಲ್ಲಿ ಇರುತ್ತೆ. ಟ್ರಯಲ್ ಯುನಿಟ್‌ನಲ್ಲಿ ಚರ್ಚೆ ಆಗಿದ್ದು ಒಬ್ಬರಿಗೆ ಕೊಟ್ಟು ಕಾದು ನೋಡದೇ ಕೆಲವೇ ನಿಮಿಷದ ಅಂತರದಲ್ಲಿ ಎಲ್ಲರಿಗೂ ಯಾಕೆ ಕೊಟ್ರು ಅನ್ನೋದು. ಎರಡೂ ಪ್ರಶ್ನೆ ಒಂದೇ ತಲೆಯಲ್ಲಿ ಇರೋ ಜನ ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಹಾಗಾಗಿ ಎರಡನ್ನೂ ಮುಟ್ಟಿಸೋ ಕೋರ್ಸ್ ಸಿಕ್ಕರೆ ನಾನು ಅದಕ್ಕೇ ಓಟ್ ಹಾಕ್ತೀನಿ.

ಒಂದನ್ನೇ ಆರಿಸಬೇಕು ಅಂದ್ರೆ, ಪಿಎಚ್‌ಡಿ ಮನಸ್ಸಲ್ಲಿದ್ದು, ಆರು ತಿಂಗಳು ಒಂದೇ ಪ್ರಯೋಗ ಕೈಕೊಟ್ರೂ ಯಾಕೆ ಅಂತ ಹುಡುಕೋ ಹಠ ಇದ್ರೆ ಎಕ್ಸ್‌ಪೆರಿಮೆಂಟಲ್ ಮೆಡಿಸಿನ್. ಟ್ರಯಲ್ ಕೋಆರ್ಡಿನೇಟರ್, ಮಾನಿಟರ್, ಡೇಟಾ ಮ್ಯಾನೇಜರ್, ಔಷಧ ಸುರಕ್ಷತೆಯ ಕೆಲಸ, ಈ ದಾರಿ ಇಷ್ಟ ಆದ್ರೆ ಕ್ಲಿನಿಕಲ್ ರಿಸರ್ಚ್. ಸ್ಟ್ಯಾಟಿಸ್ಟಿಕ್ಸ್ ಕಂಡ್ರೆ ಭಯ ಅಂತ ಲ್ಯಾಬ್ ಕಡೆ ಓಡಬೇಡಿ, ಅಲ್ಲೂ ಅದು ಬಿಡಲ್ಲ, ಕಮ್ಮಿ ಸ್ಯಾಂಪಲ್ ಇರೋದ್ರಿಂದ ಇನ್ನೂ ಹುಷಾರಾಗಿರಬೇಕು.

ಫೀಸ್ ಕಟ್ಟೋ ಮುಂಚೆ ಈಗ ಅಲ್ಲಿ ಓದ್ತಿರೋ ಒಬ್ಬರನ್ನ ಹಿಡಿದು ವಿಚಾರಿಸಿ. ಹೋದ ಬ್ಯಾಚ್‌ನೋರು ಥೀಸಿಸ್‌ಗೆ ಬಳಸಿದ ಡೇಟಾ ಅವರೇ ಸಂಗ್ರಹಿಸಿದ್ದಾ ಅಥವಾ ಯಾರೋ ಕೊಟ್ಟಿದ್ದಾ, ಗೈಡ್ ಕೈಕೆಳಗೆ ಈಗ ಎಷ್ಟು ಜನ ಇದ್ದಾರೆ, ಎಥಿಕ್ಸ್ ಅನುಮತಿ ಮೊದಲೇ ಸಿಕ್ಕಿರೋ ಪ್ರಾಜೆಕ್ಟಾ ಇಲ್ಲಾ ನೀವು ಹೋಗಿ ಅರ್ಜಿ ಹಾಕ್ಬೇಕಾ. ಕೊನೆಯದನ್ನಂತೂ ಕೇಳಲೇಬೇಕು, ಒಂದು ವರ್ಷದ ಕೋರ್ಸ್‌ನಲ್ಲಿ ಆ ಅನುಮತಿಗೇ ತಿಂಗಳುಗಟ್ಟಲೆ ಕಾದ್ರೆ ರೋಗಿಗಳನ್ನ ಸೇರಿಸ್ಕೊಳ್ಳೋಕೆ ಟೈಮೇ ಉಳಿಯಲ್ಲ.