ಖಾನಾವಳಿಯೋ, ಸೂಪರ್‌ಮಾರ್ಕೆಟ್ಟೋ: ರೊಟ್ಟಿ ಮಾಡುವವರಿಗೆ ಯಾವ ಗಿರಾಕಿ ಸರಿ?

ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಮಾರುವವರ ಮುಂದೆ ಎರಡು ದಾರಿ ಇರುತ್ತವೆ. ಊರಿನ ಖಾನಾವಳಿ, ಇಲ್ಲವೇ ಬೆಂಗಳೂರಿನ ಸೂಪರ್‌ಮಾರ್ಕೆಟ್.

ಖಾನಾವಳಿಗೆ ಬೇಕಿರುವುದು ಬಿಸಿ, ಮೆತ್ತನೆಯ ರೊಟ್ಟಿ, ಅದೂ ದಿನಾ. ಲಾಭ ಕಡಿಮೆ. ಆದರೆ ಪ್ಯಾಕಿಂಗ್ ಖರ್ಚಿಲ್ಲ, ದುಡ್ಡು ಬೇಗ ಕೈಗೆ ಬರುತ್ತದೆ.

ಸೂಪರ್‌ಮಾರ್ಕೆಟ್‌ಗೆ ಖಡಕ್ ರೊಟ್ಟಿಯೇ ಆಗಬೇಕು. ಆರ್ಡರ್ ದೊಡ್ಡದು, ನಿಜ. ಲೇಬಲ್, ಬಾರ್‌ಕೋಡ್ ಖರ್ಚು ಮಾತ್ರ ನಿಮ್ಮದೇ. ದಾರಿಯಲ್ಲಿ ಪುಡಿಯಾದ ರೊಟ್ಟಿ ಯಾರ ಲೆಕ್ಕಕ್ಕೆ? ಉಳಿದ ಮಾಲು ವಾಪಸ್ ಬರುತ್ತದಾ? ಇದನ್ನೆಲ್ಲ ಮೊದಲೇ ಬರೆಸಿಕೊಳ್ಳಿ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿಯನ್ನೂ ಮಾಡಿಸಿಕೊಳ್ಳಿ. 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಅವರು ದುಡ್ಡು ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ನಿಗದಿ ಮಾಡುವ ‘ಬ್ಯಾಂಕ್ ದರ’ದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು. ಆದರೆ ದೊಡ್ಡ ಗಿರಾಕಿಯ ಹತ್ತಿರ ಬಡ್ಡಿ ಕೇಳಿ, ವ್ಯಾಪಾರವನ್ನೂ ಉಳಿಸಿಕೊಳ್ಳುವುದು ಕಷ್ಟ ಅಲ್ವಾ?

ಎರಡು ತಿಂಗಳ ಜೋಳ, ಗ್ಯಾಸ್, ಕೂಲಿಗೆ ಸಾಲುವಷ್ಟು ದುಡ್ಡು ಕೈಯಲ್ಲಿದ್ದರೆ ಸೂಪರ್‌ಮಾರ್ಕೆಟ್‌ಗೆ ಹೂಂ ಅನ್ನಿ. ಇಲ್ಲದಿದ್ದರೆ ಖಾನಾವಳಿಯೇ ವಾಸಿ, ಆದರೆ ಎರಡು ಮೂರು ಇರಲಿ. ಒಂದನ್ನೇ ನೆಚ್ಚಿಕೊಂಡರೆ, ಅವರು ರೊಟ್ಟಿ ಬಡಿಯಲು ತಮ್ಮದೇ ಆಳು ಇಟ್ಟುಕೊಂಡ ದಿನ ನಿಮ್ಮ ಆರ್ಡರ್ ನಿಂತುಹೋಗುತ್ತದೆ.