ಕೋಕಾ-ಕೋಲಾ 600 ನೋಡಲು ಹೊರಟಿದ್ದೀರಾ? ಟಿಕೆಟ್ ತಗೊಳ್ಳುವ ಮುಂಚೆ ಇದನ್ನು ಓದಿ

ಪ್ರತಿ ವರ್ಷ ಮೇ ಕೊನೆಯಲ್ಲಿ, ಮೆಮೋರಿಯಲ್ ಡೇ ಅನ್ನುವ ಸೋಮವಾರದ ರಜೆಯ ಹಿಂದಿನ ಭಾನುವಾರ, ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಶಾರ್ಲೆಟ್ ಪಕ್ಕದ ಕಾನ್ಕಾರ್ಡ್‌ನಲ್ಲಿ ಕೋಕಾ-ಕೋಲಾ 600 ನಡೆಯುತ್ತದೆ. ಅಮೆರಿಕದ ನಾಸ್ಕಾರ್ ಕಾರು ರೇಸ್‌ಗಳಲ್ಲಿ ಅತಿ ಉದ್ದದ್ದು ಇದೇ. ಈ ಕಡೆ ಇರುವ ನಮ್ಮ ಕನ್ನಡದವರು ಏಪ್ರಿಲ್ ಬಂತೆಂದರೆ ಕೇಳಲು ಶುರು ಮಾಡುತ್ತಾರೆ. ಮನೆಮಂದಿಯನ್ನು ಕರೆದುಕೊಂಡು ಹೋಗಬಹುದಾ, ಯಾವ ಸೀಟು ತಗೊಳ್ಳಬೇಕು ಅಂತ. ಖಂಡಿತ ಹೋಗಿ. ಆದರೆ 2024ರಲ್ಲಿ ನಮಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ರೇಸ್ ಹೆಸರಿನಲ್ಲೇ 600 ಇದ್ದರೂ, 600 ಮೈಲಿ ಓಡಿಸಿಯೇ ತೀರುತ್ತೇವೆ ಅಂತ ಯಾರೂ ಮಾತು ಕೊಟ್ಟಿರುವುದಿಲ್ಲ. ಅರ್ಧ ದೂರ ಮುಗಿದರೆ ಸಾಕು, ನಿಯಮದ ಪ್ರಕಾರ ರೇಸ್ ನಡೆದಂತೆಯೇ ಲೆಕ್ಕ. ಅದಾದ ಮೇಲೆ ಮಳೆ ಬಂದು ಮತ್ತೆ ಶುರು ಮಾಡಲು ಆಗದಿದ್ದರೆ, ನಿಂತಾಗ ಯಾರು ಮುಂದಿದ್ದರೋ ಅವರೇ ಗೆದ್ದಂತೆ. ಕ್ರಿಕೆಟ್‌ನಲ್ಲಿ ಮಳೆ ಬಂದರೆ ಡಕ್‌ವರ್ತ್-ಲೂಯಿಸ್ ಅಂತ ಒಂದು ಲೆಕ್ಕವಾದರೂ ಇದೆ. ಇಲ್ಲಿ ಅದೂ ಇಲ್ಲ. ನೀವು ಅರ್ಧ ನೋಡಿದ್ದೀರಿ, ಅಷ್ಟಕ್ಕೇ ನಿಮ್ಮ ಟಿಕೆಟ್ ಮುಗಿಯಿತು.

ನಾನು ಶಾರ್ಲೆಟ್ ಕಡೆ ಇರುವವನು. ಅಕ್ಕನ ಮಗ ದಾವಣಗೆರೆಯವನು, ಅಟ್ಲಾಂಟಾದಲ್ಲಿ ಓದುತ್ತಿದ್ದ. ನಾಸ್ಕಾರ್ ಡ್ರೈವರ್ ಕೈಲ್ ಲಾರ್ಸನ್ ಅಂದರೆ ಅವನಿಗೆ ಪ್ರಾಣ. ಆ ವರ್ಷ ಲಾರ್ಸನ್ ಒಂದೇ ದಿನದಲ್ಲಿ ಎರಡು ರೇಸ್ ಓಡಿಸಲು ಹೊರಟಿದ್ದ. ಮಧ್ಯಾಹ್ನ ಇಂಡಿಯಾನಾಪೊಲಿಸ್‌ನಲ್ಲಿ 500 ಮೈಲಿಯ ಇಂಡಿ 500 ರೇಸ್, ಅಲ್ಲಿಂದ ವಿಮಾನ ಹತ್ತಿ ಬಂದು ಸಂಜೆ ಶಾರ್ಲೆಟ್‌ನಲ್ಲಿ 600. ಒಟ್ಟು 1,100 ಮೈಲಿ. ಇದಕ್ಕೆ ಮೊದಲು ಕೈ ಹಾಕಿದ್ದು 1994ರಲ್ಲಿ ಜಾನ್ ಆಂಡ್ರೆಟ್ಟಿ. ಎರಡೂ ರೇಸ್‌ಗಳನ್ನು ಒಂದು ಲ್ಯಾಪ್ (ಟ್ರ್ಯಾಕಿನ ಒಂದು ಸುತ್ತು) ಕೂಡ ಬಿಡದೆ ಮುಗಿಸಿದ್ದು ಟೋನಿ ಸ್ಟೂವರ್ಟ್ ಒಬ್ಬನೇ, 2001ರಲ್ಲಿ. ಅಲ್ಲಿ ಆರನೇ ಸ್ಥಾನ, ಇಲ್ಲಿ ಮೂರನೇ ಸ್ಥಾನ. ಅಂಥದ್ದನ್ನು ಕಣ್ಣಾರೆ ನೋಡುವ ಅವಕಾಶ ಇದೆ ಅಂದರೆ ಹುಡುಗ ಸುಮ್ಮನಿರುತ್ತಾನಾ? "ಮಾಮಾ, ಏನಾದ್ರೂ ಮಾಡಿ ಟಿಕೆಟ್ ಮಾಡ್ಸಿ" ಅಂತ ವಾರಗಟ್ಟಲೆ ದುಂಬಾಲು ಬಿದ್ದಿದ್ದ. ನಾಲ್ಕು ಗಂಟೆ ಕಾರು ಓಡಿಸಿಕೊಂಡು ಬಂದ.

ಬೆಳಗ್ಗೆಯೇ ಇಂಡಿಯಾನಾಪೊಲಿಸ್‌ನಲ್ಲಿ ಮಳೆ. ಅಲ್ಲಿನ ರೇಸ್ ಸುಮಾರು ನಾಲ್ಕು ಗಂಟೆ ತಡವಾಗಿ ಶುರುವಾಯಿತು. ನಾವು ಸ್ಟ್ಯಾಂಡ್‌ನಲ್ಲಿ ಕೂತಾಗ ಲಾರ್ಸನ್ ಇನ್ನೂ ಅಲ್ಲೇ ಇದ್ದ. ಇಲ್ಲಿ ಅವನ 5ನೇ ನಂಬರ್ ಕಾರನ್ನು ಜಸ್ಟಿನ್ ಆಲ್‌ಗೈಯರ್ ಓಡಿಸಲು ಶುರು ಮಾಡಿದ. ಲಾರ್ಸನ್ ಅಲ್ಲಿ 18ನೆಯವನಾಗಿ ಮುಗಿಸಿ ವಿಮಾನ ಹತ್ತಿದ ಅಂತ ಸುದ್ದಿ ಬಂದಾಗ ನಮ್ಮ ಹುಡುಗ ಎದ್ದು ನಿಂತವನು ಮತ್ತೆ ಕೂರಲೇ ಇಲ್ಲ.

ಈ ರೇಸ್‌ನ ಎರಡನೇ ಅರ್ಧ ಯಾಕೆ ಅಷ್ಟು ಮುಖ್ಯ ಅಂತ ಸ್ವಲ್ಪ ಹೇಳಬೇಕು. ಇದನ್ನು ತಿಳಿಯದವರು "ಅರ್ಧ ನೋಡಿದ್ರಲ್ಲ, ಸಾಕಲ್ವಾ" ಅನ್ನುತ್ತಾರೆ. ಸಾಲದು. ಈ ಟ್ರ್ಯಾಕ್ ಒಂದೂವರೆ ಮೈಲಿ ಉದ್ದದ್ದು, 400 ಲ್ಯಾಪ್ ಹೊಡೆಯಬೇಕು. ತಿರುವುಗಳಲ್ಲಿ 24 ಡಿಗ್ರಿ ಓರೆ. ಶುರುವಾಗುವುದು ಸಂಜೆ ಬಿಸಿಲಲ್ಲಿ, ಮುಗಿಯುವುದು ರಾತ್ರಿ ದೀಪದಲ್ಲಿ. ಬಿಸಿಲಲ್ಲಿ ಡಾಂಬರು ಕಾದಿರುತ್ತದೆ, ಟೈರು ಜಾರುತ್ತದೆ, ಕಾರು ಮಾತು ಕೇಳುವುದಿಲ್ಲ. ಕತ್ತಲಾದಂತೆ ಟ್ರ್ಯಾಕ್ ತಣ್ಣಗಾಗುತ್ತದೆ, ಹಿಡಿತ ಬರುತ್ತದೆ, ವೇಗ ಏರುತ್ತದೆ. ಬಿಸಿಲಿಗೆ ಸರಿ ಮಾಡಿಕೊಂಡ ಕಾರು ರಾತ್ರಿಗೆ ಒಗ್ಗುವುದಿಲ್ಲ. ಪ್ರತಿ ಪಿಟ್ ಸ್ಟಾಪ್‌ನಲ್ಲೂ (ಟೈರು, ಇಂಧನಕ್ಕೆ ಅಂತ ಕಾರು ನಿಲ್ಲಿಸಿದಾಗ) ಸ್ಪ್ರಿಂಗು, ಟೈರಿನ ಗಾಳಿ ಅಂತ ಏನಾದರೂ ಬದಲಾಯಿಸುತ್ತಲೇ ಇರಬೇಕು. ಜೊತೆಗೆ ಡ್ರೈವರ್ ಸುಸ್ತಾಗಿರುತ್ತಾನೆ, ಎಂಜಿನ್ ಕೂಡ. ಕೊನೆಯ ನೂರು ಲ್ಯಾಪ್‌ನಲ್ಲೇ ಯಾರು ಗಟ್ಟಿ ಅಂತ ಗೊತ್ತಾಗುವುದು. 1960ರಲ್ಲಿ ಇಲ್ಲಿ ಮೊದಲ 600 ನಡೆದಾಗ ಹೊಸ ಡಾಂಬರು ಕಿತ್ತು ಬರುತ್ತಿತ್ತಂತೆ. ಕಲ್ಲು ಬಡಿಯದಿರಲಿ ಅಂತ ಕಾರುಗಳಿಗೆ ಜಾಲರಿ ಕಟ್ಟಿಕೊಂಡು ಓಡಿಸಿದ್ದರು. ತಾಳಿಕೊಂಡು ಕೊನೆ ಮುಟ್ಟುವುದೇ ಈ ರೇಸ್‌ನ ಜೀವ.

ಆ ರಾತ್ರಿ ನಾವು ನೋಡಿದ್ದು 249 ಲ್ಯಾಪ್. ರೇಸಿನ ಮೊದಲ ಸ್ಟೇಜ್, ಅಂದರೆ ಮೊದಲ ಭಾಗ, ವಿಲಿಯಂ ಬೈರನ್, ಎರಡನೆಯದು ಕ್ರಿಸ್ಟೋಫರ್ ಬೆಲ್ ಗೆದ್ದರು. ಬೆಲ್ ಕಾರು ನಿಜವಾಗಿಯೂ ಚೆನ್ನಾಗಿತ್ತು, ಜಾಸ್ತಿ ಲ್ಯಾಪ್ ಮುಂದಿದ್ದವನೂ ಅವನೇ. ಅವನ ಗೆಲುವಿನ ಬಗ್ಗೆ ನನಗೆ ತಕರಾರಿಲ್ಲ. ಆದರೆ ಲಾರ್ಸನ್ ಹೆಲಿಕಾಪ್ಟರ್‌ನಲ್ಲಿ ಟ್ರ್ಯಾಕ್‌ಗೆ ಬಂದಿಳಿದದ್ದೂ ಮಳೆ ಶುರುವಾದದ್ದೂ ಹೆಚ್ಚು ಕಡಿಮೆ ಒಟ್ಟಿಗೆ. ರೇಸಿಂಗ್ ಸೂಟ್ ತೊಟ್ಟು ಪಿಟ್‌ಗೆ ಬಂದವನಿಗೆ ಕಾರು ಹತ್ತುವ ಅವಕಾಶವೇ ಸಿಗಲಿಲ್ಲ. ದೊಡ್ಡ ಪರದೆಯ ಮೇಲೆ ಅವನನ್ನು ತೋರಿಸಿದಾಗ ನಮ್ಮ ಹುಡುಗ ಮೊಬೈಲ್ ಎತ್ತಿ ಹಿಡಿದಿದ್ದ. ಮಳೆ ಹನಿ ಬಿದ್ದು ಸ್ಕ್ರೀನ್ ಒದ್ದೆಯಾಗುತ್ತಿತ್ತು. ಅಂಗಿಯ ತುದಿಯಲ್ಲಿ ಒರೆಸುವುದು, ಮತ್ತೆ ಎತ್ತಿ ಹಿಡಿಯುವುದು. ನಾನು ಏನೂ ಹೇಳಲಿಲ್ಲ.

ಆಮೇಲೆ ಕಾಯುವ ಕೆಲಸ. ಎಂಟು ಮೈಲಿ ಒಳಗೆ ಮಿಂಚು ಹೊಡೆದರೆ ಮೂವತ್ತು ನಿಮಿಷ ಎಲ್ಲ ನಿಲ್ಲಬೇಕು. ಇನ್ನೊಂದು ಮಿಂಚು ಹೊಡೆದರೆ ಲೆಕ್ಕ ಮತ್ತೆ ಮೊದಲಿಂದ. ಜನರೆಲ್ಲ ಸ್ಟ್ಯಾಂಡ್ ಬಿಟ್ಟು ಕೆಳಗೆ, ಇಲ್ಲವೇ ಕಾರಿಗೆ ಹೋಗಬೇಕು. ಮಳೆ ನಿಂತ ಮೇಲೂ ಒಣಗಿಸುವ ಗಾಡಿಗಳು ಬಿಸಿಗಾಳಿ ಊದುತ್ತಾ ಸುತ್ತು ಹಾಕುತ್ತಿದ್ದವು. ಹೊಸಬರು ಒಂದು ವಿಷಯ ತಿಳಿದಿರಬೇಕು. ಈ ಕಾರುಗಳ ಟೈರಿಗೆ ಪಟ್ಟಿಯೇ ಇರುವುದಿಲ್ಲ, ನುಣ್ಣಗಿರುತ್ತವೆ. ಒದ್ದೆ ನೆಲದ ಮೇಲೆ ಹಿಡಿತ ಸೊನ್ನೆ. ಅದೇ ವರ್ಷ ಮಾರ್ಚ್‌ನಲ್ಲಿ ರಿಚ್ಮಂಡ್‌ನಲ್ಲಿ ಮಳೆ ಟೈರು ಹಾಕಿ ರೇಸ್ ಶುರು ಮಾಡಿದ್ದರು, ನಿಜ. ಆದರೆ ಅದು ಮುಕ್ಕಾಲು ಮೈಲಿಯ ಸಣ್ಣ ಟ್ರ್ಯಾಕ್. ಒಂದೂವರೆ ಮೈಲಿ ಟ್ರ್ಯಾಕಿನ ವೇಗಕ್ಕೆ ಅಂಥ ಟೈರು ಬಳಸುವುದಿಲ್ಲ. ಇಲ್ಲಿ ಪೂರ್ತಿ ಒಣಗಲೇಬೇಕು. ಆ ರಾತ್ರಿ ಗಾಳಿಯಲ್ಲಿ ತೇವ ಜಾಸ್ತಿ ಇದ್ದುದರಿಂದ ಎಷ್ಟು ಊದಿದರೂ ಬೇಗ ಒಣಗಲಿಲ್ಲ.

ಮಧ್ಯರಾತ್ರಿ ಹತ್ತಿರವಾದಾಗ ರೇಸ್ ಮುಗಿಯಿತು ಅಂತ ಘೋಷಿಸಿದರು. ಗೆದ್ದವನು ಬೆಲ್. ಓಡಿದ್ದು 373.5 ಮೈಲಿ. ಒಣಗಿಸಿ ಮತ್ತೆ ಶುರು ಮಾಡಿದ್ದರೆ ಬೆಳಗಿನ ಜಾವ ಆಗುತ್ತಿತ್ತು ಅನ್ನುವುದು ಅವರು ಕೊಟ್ಟ ಕಾರಣ. ಅದರಲ್ಲಿ ಅರ್ಥ ಇದೆ. ಸಾವಿರಾರು ಜನ ನಿದ್ದೆಗಣ್ಣಲ್ಲಿ ಕಾರು ಓಡಿಸಿಕೊಂಡು ಮನೆಗೆ ಹೋಗಬೇಕಲ್ಲ. ಆದರೂ ಮಳೆ ನಿಂತು, ಕಣ್ಣೆದುರಿಗೇ ಟ್ರ್ಯಾಕ್ ಒಣಗಿಸುತ್ತಿರುವಾಗ ಆ ಮಾತು ಕೇಳಿದವರಿಗೆ ಹೊಟ್ಟೆ ಉರಿಯದೆ ಇರುತ್ತದಾ? ಸೋಮವಾರ ಹೇಗೂ ರಜೆ ಇತ್ತು. ಮಾರನೇ ದಿನ ಮುಂದುವರಿಸಬಹುದಿತ್ತು ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಇದು ಹೊಸದೇನಲ್ಲ. 2003ರಲ್ಲೂ ಈ ರೇಸ್ ಮಳೆಯಿಂದ ಮೊಟಕಾಯಿತು, ಗೆದ್ದವನು ಜಿಮ್ಮಿ ಜಾನ್ಸನ್. 2009ರಲ್ಲಿ ಭಾನುವಾರದ್ದು ಸೋಮವಾರಕ್ಕೆ ಹೋಗಿ, ಅಲ್ಲೂ ಮಳೆ ಬಂದು 227 ಲ್ಯಾಪ್‌ಗೇ ನಿಂತಿತು. ಡೇವಿಡ್ ರೂಟಿಮನ್ ಗೆದ್ದ. 2023ರಲ್ಲಿ ಪೂರ್ತಿ ರೇಸನ್ನೇ ಸೋಮವಾರಕ್ಕೆ ಹಾಕಿದರು, ರಯಾನ್ ಬ್ಲೇನಿ ಗೆದ್ದ. ಮೇ ಕೊನೆಯಲ್ಲಿ ಈ ಭಾಗದಲ್ಲಿ ಸಂಜೆ ಗುಡುಗು ಮಳೆ ಅನ್ನುವುದು ಮಾಮೂಲು.

ಮಳೆಯನ್ನಾದರೂ ತಡೆದುಕೊಳ್ಳಬಹುದು. ನನಗೆ ಜಾಸ್ತಿ ಸಿಟ್ಟು ಬಂದದ್ದು ಟಿಕೆಟ್ ಮಾರಿದವರ ಮೇಲೆ. ಮರುಮಾರಾಟದ ಒಂದು ಕಡೆಯಿಂದ ತಗೊಂಡಿದ್ದೆವು. 'ಮೇಲೆ ಸೂರಿರುವ ಸೀಟು, ಪೂರ್ತಿ ಟ್ರ್ಯಾಕ್ ಕಾಣುತ್ತದೆ' ಅಂತ ಬರೆದಿದ್ದರು. ಹೋಗಿ ನೋಡಿದರೆ ಸೂರೂ ಇಲ್ಲ, ಟ್ರ್ಯಾಕೂ ಕಾಣುವುದಿಲ್ಲ. ತೀರಾ ಕೆಳಗಿನ ಸಾಲು. ಮುಂದೆ ಕಬ್ಬಿಣದ ಬೇಲಿ, ಅದರಾಚೆ ಪಿಟ್‌ನ ಗೋಡೆ, ಸಾಲಾಗಿ ನಿಂತ ದೊಡ್ಡ ಲಾರಿಗಳು. ಆಚೆ ಬದಿಯಲ್ಲಿ ಕಾರುಗಳು ಹೋಗುವುದು ಕಾಣುತ್ತಲೇ ಇರಲಿಲ್ಲ, ಸದ್ದು ಮಾತ್ರ. ಎದುರಿಗೆ ಬಂದರೆ ರೊಯ್ಯನೆ ಹಾದುಹೋಗುತ್ತಿದ್ದವು, ಯಾವ ನಂಬರ್ ಅಂತ ಓದುವಷ್ಟರಲ್ಲಿ ಮಾಯ. ಬೆಲೆ ಒಂದು ತೋರಿಸಿ, ಕೊನೆಯಲ್ಲಿ ಸರ್ವೀಸ್ ಚಾರ್ಜ್ ಅಂತ ಇನ್ನಷ್ಟು ಸೇರಿಸಿದ್ದರು. ದೂರು ಕೊಟ್ಟರೆ ಮೊದಲು ಬಂದ ಉತ್ತರ 'ರೇಸ್ ಅಧಿಕೃತವಾಗಿ ನಡೆದಿದೆ, ಹಣ ವಾಪಸ್ ಇಲ್ಲ' ಅಂತ. ನಾವು ಕೇಳಿದ್ದು ಮಳೆಯ ದುಡ್ಡಲ್ಲ, ಸುಳ್ಳು ಹೇಳಿ ಮಾರಿದ ಸೀಟಿನ ದುಡ್ಡು.

ಹಾಗಾಗಿ ಹೋಗುವವರಿಗೆ ಹೇಳುವುದಿಷ್ಟು. ಟಿಕೆಟ್ ನೇರವಾಗಿ ಟ್ರ್ಯಾಕ್‌ನವರಿಂದಲೇ ತಗೊಳ್ಳಿ. ರೇಸ್ ಮುಂದಕ್ಕೆ ಹೋದರೆ ಏನು, ಮೊಟಕಾದರೆ ಏನು ಅಂತ ಎರಡನ್ನೂ ಬೇರೆ ಬೇರೆಯಾಗಿ ಓದಿ. ಮುಂದಕ್ಕೆ ಹೋದರೆ ಸಿಗುವ ಅನುಕೂಲ ಮೊಟಕಾದಾಗ ಸಿಗುತ್ತದೆ ಅಂದುಕೊಳ್ಳಬೇಡಿ. ಸೀಟು ಎಷ್ಟು ಮೇಲಿದ್ದರೆ ಅಷ್ಟು ಒಳ್ಳೆಯದು. ಕ್ರಿಕೆಟ್ ಥರ ಮುಂದಿನ ಸಾಲಿಗೆ ಆಸೆ ಪಡಬೇಡಿ, ಇಲ್ಲಿ ಅದೇ ಕೆಟ್ಟ ಸೀಟು. ದೂರದಿಂದ ಬರುವವರು ಸೋಮವಾರ ಸಂಜೆಗೆ ಮುಂಚೆ ವಿಮಾನ ಬುಕ್ ಮಾಡಬೇಡಿ, ಹೋಟೆಲ್ ಇನ್ನೊಂದು ರಾತ್ರಿಗೂ ಇರಲಿ. ಊರಿಂದ ಬಂದ ಅಪ್ಪ-ಅಮ್ಮನನ್ನು, ಚಿಕ್ಕ ಮಕ್ಕಳನ್ನು ಮೊದಲ ಸಲವೇ ಈ ರೇಸ್‌ಗೆ ಕರೆದುಕೊಂಡು ಹೋಗುವುದು ನನ್ನ ಪ್ರಕಾರ ಬೇಡ. ಮಳೆಯಲ್ಲಿ ಗಂಟೆಗಟ್ಟಲೆ ಕಾಂಕ್ರೀಟ್ ಮೆಟ್ಟಿಲ ಕೆಳಗೆ ನಿಲ್ಲುವುದು ಹಿರಿಯರಿಗೆ ತುಂಬಾ ಕಷ್ಟ. ಮಕ್ಕಳಿದ್ದರೆ ಕಿವಿಗೆ ಒಳ್ಳೆಯ ಇಯರ್ ಮಫ್ ಬೇಕೇ ಬೇಕು, ಹತ್ತಿಯಿಂದ ಏನೂ ಆಗುವುದಿಲ್ಲ. ಮೆತ್ತನೆಯ ಸಣ್ಣ ಕೂಲರ್ ಬ್ಯಾಗಿನಲ್ಲಿ ಮನೆಯ ಊಟ ಒಯ್ಯಲು ಬಿಡುತ್ತಾರೆ. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗಿ. ರೇನ್‌ಕೋಟ್ ಇರಲಿ, ಕೊಡೆ ಒಳಗೆ ಬಿಡುತ್ತಾರೆ ಅಂತ ನೆಚ್ಚಿಕೊಳ್ಳಬೇಡಿ.

ಮರುಮಾರಾಟದವರಿಂದಲೇ ತಗೊಳ್ಳಬೇಕಾದ ಸಂದರ್ಭ ಬಂದರೆ, ದುಡ್ಡು ಕಟ್ಟುವ ಮುಂಚೆ ಅವರು ಸೀಟಿನ ಬಗ್ಗೆ ಬರೆದಿರುವ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ಸೀಟಿನಲ್ಲಿ ಕೂತ ತಕ್ಷಣ ಅಲ್ಲಿಂದ ಏನು ಕಾಣುತ್ತದೋ ಅದರ ಫೋಟೋ ತೆಗೆಯಿರಿ. ನಮ್ಮ ಹುಡುಗ ಎರಡನ್ನೂ ಮಾಡಿದ್ದ. ಅವನ್ನು ಕ್ರೆಡಿಟ್ ಕಾರ್ಡ್‌ನವರಿಗೆ ಕಳಿಸಿ ತಕರಾರು ಹಾಕಿದ ಮೇಲೆ ಟಿಕೆಟ್ ದುಡ್ಡಿನ ಒಂದು ಭಾಗ ವಾಪಸ್ ಬಂತು, ಸರ್ವೀಸ್ ಚಾರ್ಜ್ ಮಾತ್ರ ಬರಲಿಲ್ಲ. ತಕರಾರು ಹಾಕುವಾಗ ಮಳೆಯ ವಿಷಯ ಎತ್ತಲೇಬೇಡಿ. ಎತ್ತಿದರೆ ರೇಸ್ ನಡೆದಿದೆ ಅಂತ ಹೇಳಿ ಅಲ್ಲಿಗೇ ಮುಚ್ಚಿಬಿಡುತ್ತಾರೆ. ಸೀಟು ಹೇಳಿದಂತೆ ಇರಲಿಲ್ಲ ಅನ್ನುವುದೊಂದನ್ನೇ ಬರೆದು, ಎರಡೂ ಫೋಟೋ ಜೊತೆಗಿಟ್ಟು ಕಳಿಸಿ.