ಹಾಕಲು ಅರ್ಧ ಗಂಟೆ, ತೆಗೆಯಲು ಇಡೀ ರಾತ್ರಿ

ಹೆಸರು ಬೇಡ, ದುಡ್ಡು ಕೊಟ್ಟು ಕೊಂಡ ವೆಬ್ ಫಿಲ್ಟರ್ (ಬೇಡದ ತಾಣಗಳನ್ನು ತಡೆಯುವ ತಂತ್ರಾಂಶ) ಇದು. ಎಲ್ಲರ ಇಂಟರ್ನೆಟ್ ಹಾದುಹೋಗುವ ನಮ್ಮ ಲಿನಕ್ಸ್ ಸರ್ವರ್‌ಗೆ ಹಾಕಿದ ದಿನ ಖುಷಿಯೋ ಖುಷಿ. ಅರ್ಧ ಗಂಟೆಯಲ್ಲಿ ಜೂಜಿನ ತಾಣಗಳೆಲ್ಲ ಬಂದ್. ಎಚ್‌ಟಿಟಿಪಿಎಸ್ ಪುಟಗಳ, ಅಂದರೆ ಗೂಢಲಿಪಿಯಲ್ಲಿ ಬರುವ ಪುಟಗಳ, ಒಳಗೆ ಇಣುಕಲು ಪ್ರತಿ ಕಂಪ್ಯೂಟರಿಗೂ ಅದರ ರೂಟ್ ಸರ್ಟಿಫಿಕೇಟ್ (ಫಿಲ್ಟರನ್ನು ನಂಬು ಎಂದು ಬ್ರೌಸರಿಗೆ ಹೇಳುವ ಫೈಲು) ಹಾಕಬೇಕಾಯಿತು, ಅಷ್ಟೇ ತಲೆನೋವು.

ಅಸಲಿ ಬಣ್ಣ ಕಂಡದ್ದು ತೆಗೆಯುವಾಗ. ಅನ್‌ಇನ್‌ಸ್ಟಾಲ್ ಯಶಸ್ವಿ ಎಂದಿತು. ಆಮೇಲೆ ಯಾರಿಗೂ ಒಂದು ಪುಟವೂ ತೆರೆಯಲಿಲ್ಲ. ಸಂಪರ್ಕ ಇದೆಯೇ ಎಂದು ನೋಡುವ ಪಿಂಗ್ ಮಾತ್ರ ಸಲೀಸು! ಪಾಪ, ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಮೇಲೆ ಅನುಮಾನಪಟ್ಟು ಒಂದು ತಾಸು ಹಾಳು ಮಾಡಿದೆ. ಕೊನೆಗೆ ಲಿನಕ್ಸ್‌ನ ಫೈರ್‌ವಾಲ್ ಆದ ಐಪಿಟೇಬಲ್ಸ್‌ನಲ್ಲಿ ದಾರಿ ತಿರುಗಿಸುವ ನಿಯಮಗಳಿರುವ ನ್ಯಾಟ್ ಪಟ್ಟಿ ನೋಡಿದರೆ, ವೆಬ್ ಪುಟಗಳ ಬಾಗಿಲುಗಳಾದ 80 ಮತ್ತು 443ನೇ ಪೋರ್ಟಿಗೆ ಹೋಗುವುದನ್ನೆಲ್ಲ ಫಿಲ್ಟರಿನತ್ತ ತಿರುಗಿಸುವ ಎರಡು ನಿಯಮಗಳು ಹಾಗೇ ಕೂತಿವೆ. ಫಿಲ್ಟರೇ ಹೋಗಿದೆ, ಅಲ್ಲಿ ಉತ್ತರಿಸಲು ಯಾರೂ ಇಲ್ಲ. ಅಳಿಸಿದೆ, ಎಲ್ಲ ಸರಿಹೋಯಿತು. ರೀಬೂಟ್ ಮಾಡಿದೆ, ಮತ್ತೆ ಹಾಜರ್! ಉಳಿಸಿಟ್ಟ ನಿಯಮಗಳ ಫೈಲನ್ನೂ ತಿದ್ದಬೇಕಿತ್ತು. ಸರ್ಟಿಫಿಕೇಟನ್ನು ಒಂದೊಂದೇ ಯಂತ್ರದಿಂದ ಕೈಯಾರೆ ಕಿತ್ತೆ.

ಐದಕ್ಕೆ ಎರಡು ನಕ್ಷತ್ರ, ಅದೂ ಹಾಕುವಾಗಿನ ಸಲೀಸಿಗೆ. ಈಗ ಸ್ಕ್ವಿಡ್ ಎಂಬ ಉಚಿತ ಪ್ರಾಕ್ಸಿ (ವೆಬ್ ಕೋರಿಕೆಗಳ ಮಧ್ಯವರ್ತಿ) ಓಡುತ್ತಿದೆ: 3128ನೇ ಪೋರ್ಟು, ಒಂದು ಕಾನ್ಫಿಗ್ ಫೈಲು, ತಡೆಯಬೇಕಾದ ತಾಣಗಳ ಪಟ್ಟಿ ನಾನೇ ಬರೆದದ್ದು. ಚಂದದ ಡ್ಯಾಶ್‌ಬೋರ್ಡ್ ಇಲ್ಲ, ನನಗೆ ಬೇಕೂ ಇಲ್ಲ.